ನಿಜವಾದ ದೇವದಾರು ಯಾವುದು, ನಮ್ಮ ಕಡೆಯ ದೇವದಾರಿ ಯಾವುದು?

ಪ್ರಶ್ನೆ: ಕಳೆದ ಅಕ್ಟೋಬರ್‌ನಲ್ಲಿ ಮನೆಯವರೆಲ್ಲ ಮನಾಲಿಗೆ ಹೋಗಿದ್ದೆವು. ಹಿಡಿಂಬಾ ಗುಡಿಯ ಸುತ್ತ ಇರುವ ಎತ್ತರದ ಮರಗಳನ್ನು ತೋರಿಸಿ ಗೈಡ್ ‘ಇದೇ ದೇವದಾರು’ ಎಂದರು. ನಮ್ಮ ಊರು ಸೋಮವಾರಪೇಟೆ ಹತ್ತಿರ. ಹಳೇ ಮನೆಯ ತೊಲೆಗಳು ದೇವದಾರಿ ಮರದ್ದು ಎಂದು ಅಜ್ಜ ಹೇಳುತ್ತಿದ್ದರು. ಬೆಂಗಳೂರಿನಲ್ಲಿ ನಮ್ಮ ಅಪಾರ್ಟ್‌ಮೆಂಟ್ ಕಾಂಪೌಂಡ್ ಪಕ್ಕ ಕಂಬದ ಹಾಗೆ ಬೆಳೆದಿರುವ ಮರಕ್ಕೂ ಕೆಲವರು ದೇವದಾರು ಅಂತಾರೆ. ಇವೆಲ್ಲ ಒಂದೇನಾ? ನಿಜವಾದ ದೇವದಾರು ನೋಡೋಕೆ ಹೇಗಿರುತ್ತದೆ? ಎಲ್ಲೆಲ್ಲಿ ತಾನಾಗಿ ಬೆಳೆಯುತ್ತದೆ? ನಮ್ಮ ತೋಟದಲ್ಲಿ ನೆಟ್ಟರೆ ಬರುತ್ತದಾ? ಮೂರು ಫೋಟೋ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ಮೂರೂ ಬೇರೆ ಬೇರೆ ಮರಗಳು. ದೂರದ ನೆಂಟಸ್ತಿಕೆ ಕೂಡ ಇಲ್ಲ. ಮನಾಲಿಯ ಗುಡಿಯ ಸುತ್ತ ನೀವು ನೋಡಿದ್ದು ನಿಜವಾದ ದೇವದಾರು. ಅದರ ವೈಜ್ಞಾನಿಕ ಹೆಸರು ಸೆಡ್ರಸ್ ಡಿಯೋಡಾರ. ಪೈನ್ ಮರಗಳ ಕುಟುಂಬಕ್ಕೆ ಸೇರಿದ್ದು. ಅಜ್ಜ ಹೇಳುತ್ತಿದ್ದ ದೇವದಾರಿ ಹೆಚ್ಚಾಗಿ ನಮ್ಮ ಪಶ್ಚಿಮ ಘಟ್ಟದ ಬಿಳಿ ದೇವದಾರಿ ಇರಬೇಕು. ಅದು ಬೇವಿನ ಕುಟುಂಬದ ಮರ. ಕಾಂಪೌಂಡ್ ಪಕ್ಕದ್ದು ಸೀತಾಫಲದ ಬಳಗದ್ದು. ಮೂರಕ್ಕೂ ಒಂದೇ ಹೆಸರು ಹೇಗೆ ಬಂತು ಅನ್ನುವುದನ್ನು ಆಮೇಲೆ ನೋಡೋಣ. ಮೊದಲು ನಿಮ್ಮ ಫೋಟೋಗಳು.

ಮೊದಲನೆಯದು ತುಂಬ ಚೆನ್ನಾಗಿದೆ. ನೆಲಕ್ಕೆ ಬಿದ್ದ ಒಂದು ರೆಂಬೆಯನ್ನು ಅಂಗೈ ಮೇಲೆ ಇಟ್ಟುಕೊಂಡು ಹತ್ತಿರದಿಂದ ತೆಗೆದಿದ್ದೀರಿ. ದೇವದಾರುವನ್ನು ಗುರುತಿಸಲು ಇಷ್ಟು ಸಾಕು, ಇಡೀ ಮರ ಬೇಕಾಗಿಲ್ಲ. ಆ ರೆಂಬೆಯ ತುದಿಯನ್ನು ನೋಡಿ. ಅಲ್ಲಿ ಸೂಜಿ ಎಲೆಗಳು ಒಂದೊಂದಾಗಿ, ರೆಂಬೆಯನ್ನು ಸುತ್ತಿಕೊಂಡು ಬಂದಿವೆ. ಇದು ಆ ವರ್ಷ ಹೊಸದಾಗಿ ಚಿಗುರಿದ ಭಾಗ. ಈಗ ನಾಲ್ಕು ಬೆರಳು ಹಿಂದಕ್ಕೆ ಬನ್ನಿ. ಅಲ್ಲಿ ಸೂಜಿಗಳು ಬಿಡಿಯಾಗಿಲ್ಲ, ಗೊಂಚಲು ಗೊಂಚಲಾಗಿವೆ. ಒಂದೊಂದು ಗೊಂಚಲಲ್ಲಿ 20ರಿಂದ 30 ಸೂಜಿ. ಎಲ್ಲವೂ ಒಂದೇ ಬಿಂದುವಿನಿಂದ ಸುತ್ತಲೂ ಚಾಚಿಕೊಂಡಿವೆ, ಅರಳಿದ ಸೇವಂತಿಗೆಯ ಹಾಗೆ.

ಆ ಗೊಂಚಲಿನ ಬುಡದಲ್ಲಿ ಒಂದು ಸಣ್ಣ ಗೂಟ ಇರುತ್ತದೆ. ಅದೂ ಒಂದು ರೆಂಬೆಯೇ. ಆದರೆ ಗಿಡ್ಡ ರೆಂಬೆ. ವರ್ಷಕ್ಕೆ ಕೂದಲೆಳೆಯಷ್ಟು ಮಾತ್ರ ಉದ್ದವಾಗುತ್ತದೆ. ಪ್ರತಿ ವರ್ಷ ಅದೇ ಜಾಗದಿಂದ ಹೊಸ ಗೊಂಚಲು ಹೊರಡುತ್ತದೆ. ಭೂತಗನ್ನಡಿ ಹಿಡಿದು ಆ ಗೂಟವನ್ನು ನೋಡಿದರೆ ಬಳೆಗಳನ್ನು ಒಂದರ ಮೇಲೊಂದು ಜೋಡಿಸಿದಂತೆ ಗೆರೆಗಳು ಕಾಣುತ್ತವೆ. ಒಂದೊಂದು ಗೆರೆಯೂ ಕಳೆದುಹೋದ ಒಂದು ವರ್ಷದ್ದು. ನನ್ನ ವಿದ್ಯಾರ್ಥಿಗಳಿಗೆ ಮೊದಲು ತೋರಿಸುವುದು ಇದನ್ನೇ. ಎಷ್ಟು ಎತ್ತರ, ಎಷ್ಟು ದಪ್ಪ ಅನ್ನುವುದೆಲ್ಲ ಮೋಸ ಮಾಡಬಹುದು. ಈ ಗಿಡ್ಡ ರೆಂಬೆ ಮೋಸ ಮಾಡುವುದಿಲ್ಲ. ಹಿಮಾಲಯದಲ್ಲಿ ಇಂಥ ಗೂಟ ಮತ್ತು ಗೊಂಚಲು ಇರುವ ಇನ್ನೊಂದು ಸೂಜಿ ಎಲೆಯ ಮರ ಅಂದರೆ ಲಾರ್ಚ್. ಅದು ಪೂರ್ವ ಹಿಮಾಲಯದ ಕಡೆಯದು. ಚಳಿಗಾಲಕ್ಕೆ ಎಲೆಯೆಲ್ಲ ಉದುರಿಸಿ ಬೋಳಾಗುತ್ತದೆ. ಮನಾಲಿಯಲ್ಲಿ ಆ ಗೊಂದಲ ಬರುವುದಿಲ್ಲ.

ಸೂಜಿಗಳ ಉದ್ದ ಸಾಮಾನ್ಯವಾಗಿ 2.5ರಿಂದ 5 ಸೆಂ.ಮೀ. ಗಡುಸಾಗಿ, ತುದಿ ಚೂಪಾಗಿ ಇರುತ್ತವೆ. ಬಣ್ಣ ಮರದಿಂದ ಮರಕ್ಕೆ ಬೇರೆ. ಕೆಲವು ಹಸಿರು, ಕೆಲವು ಬೂದಿ ಬಳಿದಂತೆ ನೀಲಿ ಛಾಯೆಯ ಹಸಿರು. ಒಂದೇ ತೋಪಿನಲ್ಲಿ ಎರಡೂ ಪಕ್ಕಪಕ್ಕ ನಿಂತಿರುತ್ತವೆ. ಬಣ್ಣ ನೋಡಿ ಎರಡು ಜಾತಿ ಅಂದುಕೊಳ್ಳಬೇಡಿ.

ಎರಡನೇ ಫೋಟೋ ಸೋಲಂಗ್ ಕಡೆ ಹೋಗುವಾಗ ತೆಗೆದದ್ದು ಅಂತ ಬರೆದಿದ್ದೀರಿ. ಅದು ದೇವದಾರು ಅಲ್ಲ. ಆ ಫೋಟೋದಲ್ಲಿ ಉದ್ದನೆಯ ಕಾಯಿಗಳು ಕೊಂಬೆಯಿಂದ ಕೆಳಕ್ಕೆ ನೇತಾಡುತ್ತಿವೆ. ಅದು ಸ್ಪ್ರೂಸ್, ಅಲ್ಲಿನ ಜನ ರಾಯಿ ಅನ್ನುತ್ತಾರೆ. ಅದರ ಸೂಜಿಗಳು ಬಿಡಿಬಿಡಿ, ಗೊಂಚಲು ಇಲ್ಲ. ದೇವದಾರುವಿನ ಕಾಯಿ ಯಾವತ್ತೂ ನೇತಾಡುವುದಿಲ್ಲ. ಕೊಂಬೆಯ ಮೇಲೆ ಮೊಟ್ಟೆ ಇಟ್ಟ ಹಾಗೆ ನೆಟ್ಟಗೆ ಕೂತಿರುತ್ತದೆ. ಆಕಾರ ಪುಟ್ಟ ಪೀಪಾಯಿಯಂತೆ. ಉದ್ದ 7ರಿಂದ 13 ಸೆಂ.ಮೀ., ಅಗಲ 5ರಿಂದ 9 ಸೆಂ.ಮೀ. ಇವನ್ನು ಸಸ್ಯಶಾಸ್ತ್ರದಲ್ಲಿ ಕಾಯಿ ಅನ್ನುವಂತಿಲ್ಲ, ಶಂಕು ಅನ್ನಬೇಕು. ಶಂಕುಧಾರಿ ಮರಗಳು ಎಂಬ ಹೆಸರು ಬಂದದ್ದು ಅದರಿಂದಲೇ. ಆದರೆ ಮಾತಿಗೆ ಕಾಯಿ ಅಂದರೆ ಎಲ್ಲರಿಗೂ ತಿಳಿಯುತ್ತದೆ, ನಾನೂ ಹಾಗೇ ಅನ್ನುತ್ತೇನೆ.

ಈ ಕಾಯಿಯ ಕಥೆ ಚೆನ್ನಾಗಿದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೆಚ್ಚಿನ ಸೂಜಿ ಎಲೆಯ ಮರಗಳು ವಸಂತದಲ್ಲಿ ಪರಾಗ ಬಿಡುತ್ತವೆ. ದೇವದಾರು ಮಳೆಗಾಲ ಮುಗಿದ ಮೇಲೆ, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಬಿಡುತ್ತದೆ. ಗಂಡು ಶಂಕುಗಳು ಬೆರಳಿನಷ್ಟು ಉದ್ದ, ಕೊಂಬೆ ಮೇಲೆ ನೆಟ್ಟಗೆ ನಿಂತಿರುತ್ತವೆ. ಧುಂಗ್ರಿ ತೋಪು ಅಂದರೆ ನೀವು ಹೋಗಿದ್ದ ಹಿಡಿಂಬಾ ಗುಡಿಯ ಕಾಡೇ. ಒಮ್ಮೆ ಅಕ್ಟೋಬರ್ ಮೊದಲ ವಾರದಲ್ಲಿ ಅಲ್ಲಿದ್ದೆ. ಬೆಳಿಗ್ಗೆ ಗಾಳಿ ಎದ್ದಾಗ ಮರದಿಂದ ಹಳದಿ ಹೊಗೆ ಹೊರಟಂತೆ ಪರಾಗ ಹಾರಿತು. ನನ್ನ ಕಪ್ಪು ಕೋಟಿನ ಭುಜದ ಮೇಲೆ ಅರಿಸಿನ ಉದುರಿದ ಹಾಗಾಯಿತು. ಕೈಯಲ್ಲಿ ಒರೆಸಿದರೆ ಬಟ್ಟೆಗೆ ಇನ್ನಷ್ಟು ಮೆತ್ತಿಕೊಂಡಿತು. ಕೆಲಸ ಮುಗಿದ ಗಂಡು ಶಂಕುಗಳು ಮೆತ್ತಗಾಗಿ, ಬಾಗಿ, ನೆಲದ ತುಂಬ ಕಂಬಳಿಹುಳುಗಳಂತೆ ಬಿದ್ದಿದ್ದವು. ನೀವೂ ಅಕ್ಟೋಬರ್‌ನಲ್ಲೇ ಹೋಗಿದ್ದೀರಿ. ನಿಮ್ಮ ಮೊದಲ ಫೋಟೋದ ಮೂಲೆಯಲ್ಲಿ, ಕಲ್ಲಿನ ಪಕ್ಕ ಕಾಣುವ ಕಂದು ಬಣ್ಣದ ‘ಹುಳು’ ಅದೇ.

ಹೆಣ್ಣು ಶಂಕು ಮಾಗಲು ಹೆಚ್ಚು ಕಡಿಮೆ ಒಂದು ವರ್ಷ ಬೇಕು. ಮಾಗಿದ ಮೇಲೆ ಅದು ಪೈನ್ ಕಾಯಿಯಂತೆ ಇಡಿಯಾಗಿ ಕೆಳಗೆ ಬೀಳುವುದಿಲ್ಲ. ಮರದ ಮೇಲೇ ಬಿಚ್ಚಿಕೊಳ್ಳುತ್ತದೆ. ಅದರ ಚಪ್ಪಟೆ ಬಿಲ್ಲೆಗಳು ಒಂದೊಂದಾಗಿ ಕಳಚಿ ಉದುರುತ್ತವೆ. ರೆಕ್ಕೆ ಇರುವ ಬೀಜಗಳು ಗಾಳಿಯಲ್ಲಿ ತಿರುಗುತ್ತ ಹೋಗುತ್ತವೆ. ಕೊನೆಗೆ ಕೊಂಬೆ ಮೇಲೆ ಉಳಿಯುವುದು ನಡುವಿನ ಕಡ್ಡಿ ಮಾತ್ರ, ತೆನೆ ತಿಂದು ಬಿಟ್ಟ ದಂಟಿನಂತೆ. ಅದಕ್ಕೇ ದೇವದಾರು ಕಾಡಿನಲ್ಲಿ ನೆಲದ ಮೇಲೆ ಇಡೀ ಕಾಯಿ ಸಿಗುವುದು ಅಪರೂಪ. ಸಿಗುವುದು ಕಾಯಿಯ ಮೇಲ್ತುದಿ ಮಾತ್ರ, ಮರದಲ್ಲಿ ಕೆತ್ತಿದ ಗುಲಾಬಿಯಂತೆ ಇರುತ್ತದೆ. ಅಲ್ಲಿನ ಅಂಗಡಿಗಳಲ್ಲಿ ಅಲಂಕಾರಕ್ಕೆ ಮಾರುವ ‘ಮರದ ಗುಲಾಬಿ’ ಇದೇ. ನೆಲದಲ್ಲಿ ಇಡೀ ಇಡೀ ಕಾಯಿ ರಾಶಿ ಬಿದ್ದಿದ್ದರೆ ತಲೆಯ ಮೇಲಿರುವುದು ಪೈನ್ ಅಥವಾ ಸ್ಪ್ರೂಸ್ ಅಂತ ತಿಳಿಯಿರಿ.

ಇನ್ನು ದೂರದಿಂದ ಹೇಗೆ ಗೊತ್ತಾಗುತ್ತದೆ ಅಂದರೆ, ಎಳೆಯ ಮರ ಗೋಪುರದ ಆಕಾರದಲ್ಲಿರುತ್ತದೆ. ಕೊಂಬೆಗಳು ಅಡ್ಡಕ್ಕೆ ಚಾಚಿ ತುದಿಯಲ್ಲಿ ಕೆಳಕ್ಕೆ ಬಾಗುತ್ತವೆ. ಮರದ ನೆತ್ತಿಯ ಚಿಗುರು ಕೂಡ ನೆಟ್ಟಗೆ ನಿಲ್ಲದೆ ಒಂದು ಕಡೆಗೆ ಬಾಗಿರುತ್ತದೆ. ವಯಸ್ಸಾದ ಮರದ ನೆತ್ತಿ ಚಪ್ಪಟೆಯಾಗಿ, ಕೊಂಬೆಗಳು ಮಹಡಿ ಮಹಡಿಯಾಗಿ ಹರಡಿಕೊಳ್ಳುತ್ತವೆ. ಎತ್ತರ ಸಾಮಾನ್ಯವಾಗಿ 40ರಿಂದ 50 ಮೀಟರ್, ಅಪರೂಪಕ್ಕೆ 60. ಹಳೆಯ ಮರದ ಕಾಂಡ 3 ಮೀಟರ್ ಅಡ್ಡಳತೆ ಮುಟ್ಟಿದ್ದೂ ಇದೆ. ತೊಗಟೆ ಬೂದು ಕಂದು ಬಣ್ಣದ್ದು. ಉದ್ದಕ್ಕೂ ಅಡ್ಡಕ್ಕೂ ಬಿರಿದು, ಬತ್ತಿದ ಕೆರೆಯ ಮಣ್ಣಿನಂತೆ ಚೌಕ ಚೌಕವಾಗಿರುತ್ತದೆ.

ಮನಾಲಿಯಿಂದ ಮೇಲೆ ಕೆಳಗೆ ಓಡಾಡುವಾಗ ಇದರ ಜೊತೆ ಸಿಗುವ ಬೇರೆ ಮರಗಳನ್ನೂ ಹೇಳಿಬಿಡುತ್ತೇನೆ. ಕೆಳಗಿನ ಬಿಸಿಲು ಇಳಿಜಾರುಗಳಲ್ಲಿ ಚೀಡ್ ಪೈನ್, ಅದರಲ್ಲಿ ಉದ್ದ ಸೂಜಿಗಳು ಮೂರು ಮೂರು ಒಟ್ಟಿಗೆ. ದೇವದಾರುವಿನ ಜೊತೆಗೇ ಬೆಳೆಯುವುದು ಕೈಲ್ ಅಥವಾ ನೀಲಿ ಪೈನ್, ಅದರಲ್ಲಿ ಐದೈದು, ಜೋತು ಬಿದ್ದಿರುತ್ತವೆ. ಇನ್ನೂ ಮೇಲೆ ಹೋದರೆ ರಾಯಿ ಮತ್ತು ತೋಷ್, ಅಂದರೆ ಫರ್ ಮರ. ತೋಷ್‌ನ ಕಾಯಿಯೂ ದೇವದಾರುವಿನಂತೆ ನೆಟ್ಟಗೆ ನಿಲ್ಲುತ್ತದೆ. ಆದರೆ ಎಳೆಯದರಲ್ಲಿ ಕಡು ನೇರಳೆ ಬಣ್ಣ, ಸೂಜಿಗಳು ಚಪ್ಪಟೆ. ಮೂರು, ಐದು, ಗೊಂಚಲು, ಬಿಡಿ. ಇಷ್ಟು ಎಣಿಸಿದರೆ ಪಶ್ಚಿಮ ಹಿಮಾಲಯದ ದೊಡ್ಡ ಸೂಜಿ ಎಲೆಯ ಮರಗಳು ಬಹುಪಾಲು ಗೊತ್ತಾಗಿಬಿಡುತ್ತವೆ.

ಈಗ ಎಲ್ಲೆಲ್ಲಿ ಬೆಳೆಯುತ್ತದೆ ಅನ್ನುವ ಪ್ರಶ್ನೆ. ‘ಹಿಮಾಲಯದಲ್ಲಿ’ ಅಂತ ಒಂದೇ ಮಾತಲ್ಲಿ ಹೇಳಿಬಿಡುವವರು ಜಾಸ್ತಿ. ಅದು ಅರ್ಧ ಸತ್ಯ. ದೇವದಾರು ಹಿಮಾಲಯದ ಪಶ್ಚಿಮ ಭಾಗದ ಮರ. ಅಫ್ಘಾನಿಸ್ತಾನದ ಪೂರ್ವದಲ್ಲಿ, ಕುನಾರ್, ನೂರಿಸ್ತಾನ್ ಕಡೆಯಿಂದ ಶುರುವಾಗುತ್ತದೆ. ಅಲ್ಲಿಂದ ಪಾಕಿಸ್ತಾನದ ಚಿತ್ರಾಲ್, ದಿರ್, ಸ್ವಾತ್ ಕಣಿವೆಗಳು. ಪಾಕಿಸ್ತಾನದ ರಾಷ್ಟ್ರೀಯ ಮರ ಇದೇ. ಆಮೇಲೆ ಕಾಶ್ಮೀರ, ಕಿಶ್ತವಾರ್, ಭದರ್ವಾ. ನಂತರ ಹಿಮಾಚಲದ ಚಂಬಾ, ಕುಲು, ಶಿಮ್ಲಾ, ಕಿನ್ನೌರ್. ಹಿಮಾಚಲಕ್ಕೆ ಇದು ರಾಜ್ಯ ಮರ. ಉತ್ತರಾಖಂಡದಲ್ಲಿ ಜೌನ್ಸಾರ್, ಟೋನ್ಸ್ ಕಣಿವೆ, ಭಾಗೀರಥಿ ಕಣಿವೆಯ ಹರ್ಸಿಲ್, ಗಂಗೋತ್ರಿ. ಪೂರ್ವಕ್ಕೆ ಹೋದಂತೆ ತೆಳುವಾಗುತ್ತ, ನೇಪಾಳದ ಪಶ್ಚಿಮದ ಕರ್ನಾಲಿ ಕಣಿವೆಯ ಸುತ್ತಮುತ್ತ ಮುಗಿಯುತ್ತದೆ. ಟಿಬೆಟಿನ ನೈಋತ್ಯದಲ್ಲಿ ಒಂದಿಷ್ಟು ಇದೆ. ಸಿಕ್ಕಿಂ, ಭೂತಾನ್, ಅರುಣಾಚಲದ ಕಾಡುಗಳಲ್ಲಿ ಇದು ತಾನಾಗಿ ಬೆಳೆದದ್ದಿಲ್ಲ. ಅಲ್ಲಿ ಕಂಡರೆ ಯಾರೋ ನೆಟ್ಟದ್ದು.

ಪಶ್ಚಿಮದೊಳಗೂ ‘ನೆಟ್ಟದ್ದು’ ಇದೆ. ಅಲ್ಮೋರಾ ಹತ್ತಿರದ ಜಾಗೇಶ್ವರದ ದೇವದಾರು ತೋಪು ನೋಡಿದವರು ಮರೆಯುವುದಿಲ್ಲ. ನೂರಕ್ಕೂ ಹೆಚ್ಚು ಕಲ್ಲಿನ ಗುಡಿಗಳು, ಅವುಗಳ ಮೇಲೆ ಈ ಮರಗಳ ನೆರಳು. ಕುಮಾವೂನ್‌ನಲ್ಲಿ ಗುಡಿಗಳ ಸುತ್ತ ಇರುವ ಇಂಥ ತೋಪುಗಳಲ್ಲಿ ಹಲವನ್ನು ಹಿಂದಿನ ಕಾಲದ ಜನರೇ ನೆಟ್ಟು ಬೆಳೆಸಿದರು ಎಂದು ಹಳೆಯ ಅರಣ್ಯಾಧಿಕಾರಿಗಳೇ ಅಭಿಪ್ರಾಯಪಟ್ಟಿದ್ದಾರೆ. ಆದ್ದರಿಂದ ಸಹಜ ನೆಲೆಯ ನಕ್ಷೆ ಬರೆಯುವಾಗ ಗುಡಿಯ ತೋಪುಗಳ ವಿಷಯದಲ್ಲಿ ಎಚ್ಚರ ಬೇಕು.

ಎತ್ತರದ ಲೆಕ್ಕ ಹೇಳುವುದಾದರೆ ಸುಮಾರು 1,500ರಿಂದ 3,200 ಮೀಟರ್. ಚೆನ್ನಾಗಿ ಬೆಳೆಯುವುದು 1,800ರಿಂದ 2,600 ಮೀಟರ್ ನಡುವೆ. ಮನಾಲಿ ಸುಮಾರು 2,050 ಮೀಟರ್, ಶಿಮ್ಲಾ ಸುಮಾರು 2,200. ಎರಡೂ ಸರಿಯಾಗಿ ನಡುವೆ ಬೀಳುತ್ತವೆ.

ಇಲ್ಲಿ ನಿಮಗೆ ಒಂದು ಅನುಮಾನ ಬರಬೇಕು. ನಮ್ಮ ಮುಳ್ಳಯ್ಯನಗಿರಿ 1,900 ಮೀಟರಿಗಿಂತ ಎತ್ತರ ಇದೆ. ಊಟಿ 2,200 ಮೀಟರ್ ದಾಟುತ್ತದೆ, ಶಿಮ್ಲಾಕ್ಕೆ ಸಮ. ಹಾಗಾದರೆ ದೇವದಾರು ಅಲ್ಲಿಗೆ ಯಾಕೆ ಬರಲಿಲ್ಲ? ನಡುವೆ ಸಾವಿರಾರು ಕಿಲೋಮೀಟರ್ ಬಿಸಿಲು ಬಯಲು ಇದೆ, ಬೀಜ ಹಾರಿ ಬರುವುದಿಲ್ಲ, ಅದು ಒಂದು ಕಾರಣ. ಆದರೆ ಸಿಕ್ಕಿಂಗೂ ಹೋಗಲಿಲ್ಲವಲ್ಲ? ಅದೇ ಬೆಟ್ಟದ ಸಾಲು, ಅದೇ ಎತ್ತರ, ನಡುವೆ ಬಯಲಿಲ್ಲ.

ಉತ್ತರ ಇರುವುದು ಮಳೆಯ ಪ್ರಮಾಣದಲ್ಲಿ ಅಲ್ಲ, ಅದು ಬೀಳುವ ಕಾಲದಲ್ಲಿ ಅಂತ ನನಗನ್ನಿಸುತ್ತದೆ. ಪಶ್ಚಿಮ ಹಿಮಾಲಯಕ್ಕೆ ಚಳಿಗಾಲದಲ್ಲಿ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಮೋಡಗಳು ಬರುತ್ತವೆ. ಡಿಸೆಂಬರ್‌ನಿಂದ ಮಾರ್ಚ್ ತನಕ ಹಿಮ ಸುರಿಯುತ್ತದೆ. ಶರತ್ಕಾಲದಲ್ಲಿ ಉದುರಿದ ದೇವದಾರು ಬೀಜ ಆ ಹಿಮದ ಕಂಬಳಿಯ ಕೆಳಗೆ ಮಲಗುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ಹಿಮ ನಿಧಾನವಾಗಿ ಕರಗುತ್ತದೆ. ಆ ನೀರು ಮಣ್ಣಿಗೆ ಹನಿ ಹನಿಯಾಗಿ ಇಳಿಯುವ ಹೊತ್ತಿಗೆ ಬೀಜ ಮೊಳೆಯುತ್ತದೆ. ಸುಡು ಬೇಸಿಗೆ ಬರುವ ಮೊದಲು ಬೇರು ಒಳಕ್ಕೆ ಇಳಿದಿರಬೇಕು. ಪೂರ್ವ ಹಿಮಾಲಯದಲ್ಲಿ ಲೆಕ್ಕ ಬೇರೆ. ಅಲ್ಲಿ ಚಳಿಗಾಲದ ಆ ಮೋಡಗಳು ಸೊರಗಿರುತ್ತವೆ, ಮುಂಗಾರು ಮಾತ್ರ ವಿಪರೀತ. ತಿಂಗಳುಗಟ್ಟಲೆ ನೆನೆದ ಮಣ್ಣನ್ನು ದೇವದಾರು ಸಹಿಸುವುದಿಲ್ಲ. ಅದಕ್ಕೆ ನೀರು ಬಸಿದು ಹೋಗುವ ಇಳಿಜಾರು ಬೇಕು.

ಇದಕ್ಕೆ ಇನ್ನೊಂದು ಸಾಕ್ಷಿ ಅದರ ಒಡಹುಟ್ಟಿದವರಲ್ಲಿದೆ. ಸೆಡ್ರಸ್ ಬಳಗದಲ್ಲಿ ಉಳಿದವು ಲೆಬನಾನ್, ಸಿರಿಯಾ, ಟರ್ಕಿಯ ಬೆಟ್ಟಗಳ ಲೆಬನಾನ್ ಸೀಡರ್, ಮೊರಾಕೊ, ಅಲ್ಜೀರಿಯಾದ ಅಟ್ಲಾಸ್ ಸೀಡರ್, ಸೈಪ್ರಸ್ ದ್ವೀಪದ ಗಿಡ್ಡ ಸೂಜಿಯ ಸೀಡರ್. ಎಲ್ಲವೂ ಮೆಡಿಟರೇನಿಯನ್ ಸುತ್ತಲಿನವು. ಚಳಿಗಾಲದಲ್ಲಿ ಮಳೆ-ಹಿಮ, ಬೇಸಿಗೆ ಒಣ, ಅದು ಅವುಗಳ ಲೋಕ. ನಮ್ಮ ದೇವದಾರು ಆ ಕುಟುಂಬದ ಪೂರ್ವದ ಕೊನೆಯ ಮನೆ. ಮೆಡಿಟರೇನಿಯನ್ ಮೋಡಗಳು ಎಲ್ಲಿಯ ತನಕ ಬಲವಾಗಿ ಬರುತ್ತವೋ ಹೆಚ್ಚು ಕಡಿಮೆ ಅಲ್ಲಿಯ ತನಕ ಅದೂ ಇದೆ. ಲೆಬನಾನಿನ ಬಾವುಟದಲ್ಲಿರುವ ಮರ ಇದರ ದಾಯಾದಿ ಅನ್ನುವುದು ಗೊತ್ತಾದ ದಿನ ನನಗೆ ಹಿಮಾಲಯವೇ ಬೇರೆ ಥರ ಕಂಡಿತು.

ಈ ಹಿಮದ ನಂಟು ಮರದ ಒಳಗೂ ಬರೆದುಕೊಂಡಿದೆ. ಚಳಿಗಾಲದಲ್ಲಿ ಬೆಳವಣಿಗೆ ನಿಂತು ವಸಂತದಲ್ಲಿ ಮತ್ತೆ ಶುರುವಾಗುವುದರಿಂದ ದೇವದಾರುವಿನಲ್ಲಿ ವರ್ಷಕ್ಕೊಂದು ಉಂಗುರ ಸ್ಪಷ್ಟವಾಗಿ ಮೂಡುತ್ತದೆ. ವಸಂತ ಒಣಗಿದ ವರ್ಷ ಉಂಗುರ ಕಿರಿದು. ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವಿಜ್ಞಾನಿಗಳು ಇಂಥ ಉಂಗುರಗಳನ್ನು ಅಳೆದು, ಮಳೆಮಾಪಕ ಹುಟ್ಟುವುದಕ್ಕೆ ಎಷ್ಟೋ ಮುಂಚಿನ ಶತಮಾನಗಳ ವಸಂತ ಕಾಲದ ಮಳೆಯನ್ನು ಲೆಕ್ಕ ಹಾಕಿದ್ದಾರೆ. ಡೆಹ್ರಾಡೂನ್‌ನ ಅರಣ್ಯ ಸಂಶೋಧನಾ ಸಂಸ್ಥೆಯ ಮ್ಯೂಸಿಯಂನಲ್ಲಿ 700 ವರ್ಷಕ್ಕೂ ಹೆಚ್ಚು ಬಾಳಿದ ದೇವದಾರುವಿನ ಒಂದು ಅಡ್ಡಸೀಳು ಇಟ್ಟಿದ್ದಾರೆ. ಮುಂದಿನ ಸಲ ಆ ಕಡೆ ಹೋದರೆ ಖಂಡಿತ ನೋಡಿ. ಮಕ್ಕಳಿಗೆ ಹೊರಗಿನಿಂದ ಒಳಕ್ಕೆ ಉಂಗುರ ಎಣಿಸಲು ಬಿಡಿ.

ಮರದ ಉಪಯೋಗದ ಬಗ್ಗೆ ನೀವು ಕೇಳಿಲ್ಲ. ಆದರೂ ಎರಡು ಮಾತು, ಯಾಕೆಂದರೆ ಹೆಸರಿನ ಗುಟ್ಟು ಅಲ್ಲಿದೆ. ಇದರ ಚೇಗಿನಲ್ಲಿ ಘಮಘಮಿಸುವ ಎಣ್ಣೆ ಇದೆ. ಗೆದ್ದಲು, ಬೂಷ್ಟು ಹತ್ತಿರ ಸುಳಿಯುವುದು ಕಷ್ಟ. ಹಿಡಿಂಬಾ ಗುಡಿ 1553ರಲ್ಲಿ ಕಟ್ಟಿದ್ದು. ಅದರ ಮರಗೆಲಸ ದೇವದಾರುವಿನದು. ಹಿಮಾಚಲದ ಹಳ್ಳಿಗಳಲ್ಲಿ ಒಂದು ಸಾಲು ಕಲ್ಲು, ಒಂದು ಸಾಲು ದೇವದಾರು ತೊಲೆ ಇಟ್ಟು ಮನೆ ಕಟ್ಟುತ್ತಾರೆ. ಅದಕ್ಕೆ ಕಾಠ್-ಕುಣಿ ಅನ್ನುತ್ತಾರೆ. ಭೂಕಂಪಕ್ಕೂ ತಡೆಯುವ ಕಟ್ಟಡ. ಶ್ರೀನಗರದ ದೋಣಿಮನೆಗಳ ತಳವೂ ಇದೇ ಮರದ್ದು, ವರ್ಷಗಟ್ಟಲೆ ನೀರಲ್ಲಿದ್ದರೂ ಬೇಗ ಕೊಳೆಯುವುದಿಲ್ಲ. ಈ ಗುಣವೇ ಅದಕ್ಕೆ ಮುಳುವಾಯಿತು. 19ನೇ ಶತಮಾನದಲ್ಲಿ ರೈಲು ಹಳಿಗಳ ಕೆಳಗೆ ಹಾಸುವ ಸ್ಲೀಪರ್‌ಗಳಿಗಾಗಿ ಇವನ್ನು ಲೆಕ್ಕವಿಲ್ಲದಷ್ಟು ಕಡಿದರು. ಹರ್ಸಿಲ್‌ನಲ್ಲಿ ನೆಲೆಸಿದ್ದ ಫ್ರೆಡರಿಕ್ ವಿಲ್ಸನ್ ಎಂಬ ಇಂಗ್ಲಿಷ್ ವ್ಯಾಪಾರಿ ಭಾಗೀರಥಿ ಕಣಿವೆಯ ದೇವದಾರು ದಿಮ್ಮಿಗಳನ್ನು ನದಿಗೆ ಬಿಟ್ಟು ಕೆಳಗೆ ಬಯಲಿಗೆ ಸಾಗಿಸಿದ. ಈಗ ಹರ್ಸಿಲ್‌ನಲ್ಲಿ ನಿಂತು ಎದುರಿನ ಇಳಿಜಾರು ನೋಡುವಾಗ ನನಗೆ ಆ ದಿಮ್ಮಿಗಳು ನೆನಪಾಗುತ್ತವೆ, ಹೊಟ್ಟೆ ಉರಿಯುತ್ತದೆ.

ದಾರು ಅಂದರೆ ಮರ, ಕಟ್ಟಿಗೆ. ದೇವದಾರು ಅಂದರೆ ದೇವರ ಮರ. ಕಾಳಿದಾಸನ ಕಾಲಕ್ಕೇ ಹೆಸರು ನೆಲೆ ನಿಂತಿತ್ತು. ಹಿಮಾಲಯದ ಒಂದು ದೇವದಾರುವನ್ನು ಶಿವನೇ ಮಗನಾಗಿ ದತ್ತು ತೆಗೆದುಕೊಂಡಿದ್ದ, ಆನೆ ಮೈ ತಿಕ್ಕಿ ಅದರ ತೊಗಟೆ ಕಿತ್ತಾಗ ಪಾರ್ವತಿ ಸ್ವಂತ ಮಗನಿಗೆ ಪೆಟ್ಟಾದಂತೆ ನೊಂದಳು ಎಂದು ರಘುವಂಶದಲ್ಲಿ ಬರುತ್ತದೆ. ಸಂಸ್ಕೃತದ ಈ ಹೆಸರು ಪುರಾಣ, ಪೂಜೆ, ಔಷಧಿಗಳ ಜೊತೆ ದೇಶದ ಉದ್ದಗಲಕ್ಕೂ ಹೋಯಿತು. ಮರ ಹೋಗಲು ಆಗಲಿಲ್ಲ. ಆಗ ಜನ ತಮ್ಮ ಊರಿನಲ್ಲಿ ಯಾವುದು ಘಮ ಘಮ ಅನ್ನುತ್ತದೋ, ಯಾವುದು ನೆಟ್ಟಗೆ ಎತ್ತರಕ್ಕೆ ಬೆಳೆಯುತ್ತದೋ ಅದಕ್ಕೆ ಆ ಹೆಸರು ಇಟ್ಟರು. ಇದರಲ್ಲಿ ತಪ್ಪೇನೂ ಇಲ್ಲ. ಅವರ ಕಣ್ಣಿಗೆ ಅದೇ ದೇವರ ಮರ.

ಹಾಗೆ ಹೆಸರು ಪಡೆದವುಗಳಲ್ಲಿ ನಿಮ್ಮ ಅಜ್ಜನ ಬಿಳಿ ದೇವದಾರಿ ಒಂದು. ಬಿಳಿ ಅಗಿಲು ಅಂತಲೂ ಕರೆಯುತ್ತಾರೆ. ಸಸ್ಯಶಾಸ್ತ್ರದ ಹೆಸರು ಡಿಸಾಕ್ಸಿಲಮ್ ಮಲಬಾರಿಕಮ್. ಪಶ್ಚಿಮ ಘಟ್ಟದ ಮಳೆಕಾಡಲ್ಲಿ ಮಾತ್ರ ಇರುವ ದೊಡ್ಡ ಮರ. ಎಲೆ ಅಗಲ, ಒಂದು ದಂಟಿಗೆ ಹಲವು ಎಲೆಗಳು. ಕೊಡಗಿನ ದೇವರಕಾಡುಗಳಲ್ಲಿ ಇನ್ನೂ ಉಳಿದುಕೊಂಡಿದೆ. ಕಟ್ಟಿಗೆಗೆ ಒಳ್ಳೆಯ ವಾಸನೆ. ಇದರ ನೆಂಟ ಗಂಧಗರಿಗೆಗೆ ಕೆಂಪು ದೇವದಾರಿ ಅನ್ನುವವರೂ ಇದ್ದಾರೆ. ಬಯಲುಸೀಮೆಯ ಕುರುಚಲು ಕಾಡಲ್ಲಿ ಇನ್ನೊಂದು ದೇವದಾರು ಇದೆ, ಎರಿಥ್ರಾಕ್ಸಿಲಮ್ ಮೊನೊಗೈನಮ್. ಗಿಡ್ಡ ಮರ, ಕಟ್ಟಿಗೆ ಗಂಧದ ಹಾಗೆ ಘಮ್ಮೆನ್ನುತ್ತದೆ. ದಕ್ಷಿಣದಲ್ಲಿ ಔಷಧಿಗೆ ಹಿಮಾಲಯದ ದೇವದಾರುವಿನ ಬದಲು ಇದನ್ನು ಬಳಸುವ ರೂಢಿ ಇದೆ. ಬಾಣಂತಿಯ ಕಷಾಯಕ್ಕೆ ಗ್ರಂಥಿಗೆ ಅಂಗಡಿಯಲ್ಲಿ ದೇವದಾರು ಚಕ್ಕೆ ಕೇಳಿದರೆ ಕೊಡುವುದು ಎರಡರಲ್ಲಿ ಯಾವುದೂ ಆಗಿರಬಹುದು.

ನಿಮ್ಮ ಮೂರನೇ ಫೋಟೋದ ಕಾಂಪೌಂಡ್ ಮರವನ್ನು ಬೆಂಗಳೂರಲ್ಲಿ ಹೆಚ್ಚಿನವರು ಅಶೋಕ ಅನ್ನುತ್ತಾರೆ. ಸೀತೆ ಕೂತಿದ್ದ ಅಶೋಕವೂ ಅದಲ್ಲ, ಆದರೆ ಆ ಕಥೆ ಬೇರೆ. ಬಂಗಾಳಿಯಲ್ಲಿ ದೇಬ್ದಾರು ಅಂದರೆ ಇದೇ ಮರ. ಅಲೆಯಲೆಯಾದ ಅಂಚಿನ ಉದ್ದ ಎಲೆ ನೋಡಿದರೆ ಸಾಕು, ಸೂಜಿಗೂ ಅದಕ್ಕೂ ಸಂಬಂಧವೇ ಇಲ್ಲ.

ಹಾಗಾದರೆ ದಕ್ಷಿಣಕ್ಕೆ ಸ್ವಂತ ಶಂಕುಧಾರಿ ಮರವೇ ಇಲ್ಲವಾ? ಇದೆ, ಒಂದೇ ಒಂದು. ನೆಗೇಯಿಯ ವಾಲಿಚಿಯಾನ. ತಮಿಳುನಾಡು, ಕೇರಳದ ಘಟ್ಟದ ಕಾಡುಗಳಲ್ಲಿ ಚದುರಿಕೊಂಡಿದೆ. ಈಶಾನ್ಯ ಭಾರತ ಮತ್ತು ನಿಕೋಬಾರ್‌ನಲ್ಲೂ ಇದೆ. ನೋಡಿದರೆ ಶಂಕುಧಾರಿ ಅಂತ ನಂಬುವುದೇ ಕಷ್ಟ. ಸೂಜಿ ಇಲ್ಲ, ಎಲೆ ಅಗಲ. ಆದರೆ ಎಲೆಯನ್ನು ಬೆಳಕಿಗೆ ಹಿಡಿದರೆ ನಡುನರ ಕಾಣುವುದಿಲ್ಲ. ಬಿದಿರಿನ ಎಲೆಯಂತೆ ತೆಳು ಗೆರೆಗಳು ಉದ್ದಕ್ಕೆ ಒಟ್ಟೊಟ್ಟಿಗೆ ಓಡುತ್ತವೆ. ಇನ್ನು ಲಾಲ್‌ಬಾಗ್‌ನಲ್ಲಿ ಬಾಗಿ ನಿಂತ ‘ಕ್ರಿಸ್‌ಮಸ್ ಮರ’ ಶಂಕುಧಾರಿಯೇ ಹೌದು, ಆದರೆ ಅದರ ಊರು ಶಾಂತಸಾಗರದ ನ್ಯೂ ಕ್ಯಾಲಡೋನಿಯ. ಗಾಳಿ ಮರದ ಕಡ್ಡಿಗಳು ಸೂಜಿಯಂತೆ ಕಂಡರೂ ಅದು ಶಂಕುಧಾರಿ ಅಲ್ಲ.

ಕೊನೆಗೆ ನಿಮ್ಮ ತೋಟ. ಸೋಮವಾರಪೇಟೆಯಲ್ಲಿ ಹಿಮಾಲಯದ ದೇವದಾರು ನೆಡಬೇಡಿ ಅಂತಲೇ ನನ್ನ ಸಲಹೆ. ನರ್ಸರಿಯಿಂದ ಸಸಿ ತಂದು ಕುಂಡದಲ್ಲಿ ಕೆಲವು ವರ್ಷ ಉಳಿಸಬಹುದು. ಆದರೆ ನಿಮ್ಮ ಮುಂಗಾರಿಗೆ ಬೇರು ಕೊಳೆಯುವ ಸಂಭವ ಜಾಸ್ತಿ, ಹಿಮದ ಚಳಿಗಾಲವಂತೂ ಸಿಗುವುದಿಲ್ಲ. ಅದರ ಬದಲು ಬಿಳಿ ದೇವದಾರಿ ನೆಡಿ. ಅದು ನಿಮ್ಮದೇ ನೆಲದ ಮರ, ಈಗ ಅಪರೂಪವಾಗುತ್ತಿದೆ. ಎಳೆಯದರಲ್ಲಿ ನೆರಳು ಬೇಕು, ಕಾಫಿ ತೋಟದ ನೆರಳು ಅದಕ್ಕೆ ಹಿತ. ಒಂದು ವಿಷಯ ಮಾತ್ರ ನೆನಪಿಡಿ. ಬೀಜ ಒಣಗಿಸಿ ಡಬ್ಬಿಯಲ್ಲಿ ಇಟ್ಟರೆ ಸತ್ತುಹೋಗುತ್ತದೆ. ಮರದ ಕೆಳಗೆ ಬಿದ್ದ ಕೂಡಲೇ ತಂದು ಬಿತ್ತಬೇಕು. ಕಾಡಲ್ಲಿ ಮಂಗಟ್ಟೆ ಹಕ್ಕಿಗಳು ಈ ಕೆಲಸ ಮಾಡುತ್ತವೆ. ದೇವರಕಾಡಿನಿಂದ ಬೀಜ ತರುವುದಾದರೆ ಊರಿನವರನ್ನು ಕೇಳಿ ತನ್ನಿ. ಸಸಿ ಬೇಕಿದ್ದರೆ ಹತ್ತಿರದ ಅರಣ್ಯ ಇಲಾಖೆಯ ನರ್ಸರಿಯಲ್ಲಿ ವಿಚಾರಿಸಿ.

ಅಜ್ಜನ ಮಾತು ಸರಿಯೇ ಅಂತ ನೀವೇ ನೋಡಿಕೊಳ್ಳಬಹುದು. ಹಳೇ ಮನೆಯ ತೊಲೆಯ ಅಡ್ಡ ಕೊಯ್ದ ತುದಿ ಎಲ್ಲಾದರೂ ಸಿಗುತ್ತದಾ ನೋಡಿ. ಹರಿತವಾದ ಬ್ಲೇಡಿನಿಂದ ಅದರ ಮೇಲ್ಮೈಯನ್ನು ಉಗುರಿನಷ್ಟು ಜಾಗದಲ್ಲಿ ನುಣ್ಣಗೆ ಹೆರೆಯಿರಿ. ಸ್ವಲ್ಪ ನೀರು ಸವರಿ, ಭೂತಗನ್ನಡಿಯಲ್ಲಿ ನೋಡಿ. ಸೂಜಿಯಿಂದ ಚುಚ್ಚಿದಂತೆ ಸಣ್ಣ ಸಣ್ಣ ತೂತುಗಳು ಕಂಡರೆ ಅದು ಅಗಲ ಎಲೆಯ ಮರ, ಅಂದರೆ ಅಜ್ಜನ ದೇವದಾರಿ ಇರಲು ಸಾಧ್ಯ. ಪೈನ್ ಕುಟುಂಬದ ಮರದಲ್ಲಿ ಅಂಥ ನಾಳಗಳೇ ಇರುವುದಿಲ್ಲ. ಉಂಗುರದ ಗೆರೆ ಬಿಟ್ಟರೆ ಉಳಿದದ್ದು ಒಂದೇ ಸಮ ಕಾಣುತ್ತದೆ. ಗ್ರಂಥಿಗೆ ಅಂಗಡಿಯ ಚಕ್ಕೆಗೂ ಇದೇ ಪರೀಕ್ಷೆ ನಡೆಯುತ್ತದೆ. ತೊಲೆಯ ತುದಿಯ ಫೋಟೋ ತೆಗೆಯುವಾಗ ಮೊಬೈಲ್ ಕ್ಯಾಮೆರಾಕ್ಕೆ ಭೂತಗನ್ನಡಿ ಒತ್ತಿ ಹಿಡಿದು ತೆಗೆಯಿರಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ತೂತುಗಳ ಅಳತೆಯೂ ಗೊತ್ತಾಗುತ್ತದೆ. ಕಳಿಸಿ, ನೋಡಿ ಬರೆಯುತ್ತೇನೆ.